ಮೂರನೆಯ ಮೂಲೆ

ರಜೆಯಲ್ಲೂ ನಮ್ಮನ್ನು ಬಿಡದ ದವ್ಲತ್‌ಮೀರ್ ಮಾಸ್ತರು
ಗಡಿ ಕಾವಲಿನವನು ಊಟಕ್ಕೆ ಹೋದ ಹೊತ್ತು ನೋಡಿ
ಪಂಜ್ ನದಿಯ ದಂಡೆಗುಂಟ
ಐವತ್ತು ಮೀಟರ್ ಹಗ್ಗ ಎಳೆಸಿದರು.
ಈ ತುದಿಗೆ ನಾನು, ಆ ತುದಿಗೆ ನಿಸ್ಸೋ.
"ನೀರಿಗೆ ಇಳಿಯಬೇಡಿ. ಕಣ್ಣು ಇಳಿದರೆ ಸಾಕು."

ಆಚೆ ಅಫ್ಘಾನಿಸ್ತಾನ.
ಒಂದು ಹಿಪ್ಪುನೇರಳೆ ಮರ,
ಬುಡದಲ್ಲಿ ಚಾದರ ಹಾಸಿ ಕೊಂಬೆ ಅಲುಗಿಸುವ ಹುಡುಗ.
ಅದೇ ಮೂರನೆಯ ಮೂಲೆ, ಅಂದರು.

ಕೋನಮಾಪಕಕ್ಕೆ ಕಟ್ಟಿದ ಜೊಂಡಿನ ಕೊಳವೆಯಲ್ಲಿ
ನನಗೆ ಅರವತ್ತನಾಲ್ಕು ಡಿಗ್ರಿ,
ನಿಸ್ಸೋಗೆ ಎಪ್ಪತ್ತೊಂದು.
ಏನನ್ನೋ ಗುರಿಯಿಡುತ್ತಿದ್ದಾರೆಂದು
ಹುಡುಗ ಮರದ ಹಿಂದೆ ಸರಿದ.
ಮರ ಸರಿಯಲಿಲ್ಲ, ಪುಣ್ಯ.

ಅವನ ಪಾಲಿನ ಕೋನ ನಲವತ್ತೈದು.
ಯಾರೂ ಹೋಗಿ ಅಳೆದದ್ದಲ್ಲ;
ನೂರೆಂಬತ್ತರಲ್ಲಿ ನಮ್ಮದು ಕಳೆದು
ಉಳಿದದ್ದನ್ನು ಅವನಿಗೆ ಬಿಟ್ಟೆವು.
ಸೈನ್ ಕೋಷ್ಟಕದ ಹಳದಿ ಹಾಳೆ ಗಾಳಿಗೆ ಪಟಪಟ.
ಗುಣಿಸಿ, ಭಾಗಿಸಿ, ಮತ್ತೆ ಗುಣಿಸಿ
ಕಾಲಿಡದ ಬಾಹು ಅರವತ್ತೇಳು,
ಹೊಳೆಯ ಅಗಲ ಅರವತ್ತು, ಚೂರು ಮೇಲೆ.

ಸಂಜೆ ಅಜ್ಜಿಗೆ ಹೇಳಿದೆ.
ಗಡಿ ಮುಚ್ಚುವ ಮುಂಚಿನ ವಸಂತದಲ್ಲಿ
ಆ ಮರದ ಮನೆಗೇ ಸೊಸೆಯಾಗಿ ಹೋದವಳು
ಅವಳ ಅಕ್ಕ.
ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು, ತಲೆ ಎತ್ತಲಿಲ್ಲ.
ಉಂಡೆಯಿಂದ ನೂಲೆಳೆದು
ಮೊಣಕೈಗೆ ಮೊಳ ಹಾಕುತ್ತಾ ಹೋದಳು, ಬಹಳ ಹೊತ್ತು.

"ಅಷ್ಟೇನಾ?" ಅಂದಳು.
"ಒಂದು ಕಾಲಿಗೂ ಸಾಲದು."