ಮಡಿಕೆಯ ಊರು

ನಕಾಶೆ ಹಳೆಯದು. ನೆರಿಸ್ ಅದನ್ನು ಕೊಂಡ ವರ್ಷ
ನಮ್ಮಿಬ್ಬರ ಮೊಣಕಾಲುಗಳು ಇನ್ನೂ ಮಾತು ಕಲಿತಿರಲಿಲ್ಲ.
ಮಡಚಿ ಬಿಚ್ಚಿ, ಬಿಚ್ಚಿ ಮಡಚಿ
ನಾಲ್ಕು ಮಡಿಕೆ ಕೂಡುವಲ್ಲಿ ಕಾಗದ ಸವೆದು ತೂತು;
ಆ ತೂತಿನೊಳಗೆ ಈ ಊರು.

ರೈಲು ಇಳಿಸಿ ಹೋಯಿತು. ಚೆಪ್‌ಸ್ಟೋ.
ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರು, ಎರಡು ಬೆನ್ನುಚೀಲ,
ಯಾರೋ ಬೀಳಿಸಿ ಹೋದ ಒಂಟಿ ಕೈಗವಸು:
ಕಂಬಿಯ ತುದಿಗೆ ಸಿಕ್ಕಿಸಿದ್ದಾರೆ, ಬೆರಳು ಮೇಲಾಗಿ,
ಹೋಗಿಬನ್ನಿ ಎನ್ನುವ ಹಾಗೆ, ಅಥವಾ
ನಿಲ್ಲಿ ಎನ್ನುವ ಹಾಗೆ.

ಮೂವತ್ತೊಂದು ವರ್ಷ ನ್ಯೂಪೋರ್ಟಿನಲ್ಲಿ ಬಸ್ಸು ಓಡಿಸಿದವಳು ನೆರಿಸ್.
ಅವಳ ಪಾದಕ್ಕೆ ಕ್ಲಚ್ಚು ಗೊತ್ತು, ಬ್ರೇಕು ಗೊತ್ತು,
ನೆಲ ಅಷ್ಟಾಗಿ ಗೊತ್ತಿಲ್ಲ.
ನಾನೋ, ಅದೇ ಡಿಪೋದಲ್ಲಿ ಚಿಲ್ಲರೆ ಎಣಿಸಿದವಳು.
ನಾಳೆಯಿಂದ ಹನ್ನೆರಡು ದಿನ, ನೂರ ಎಪ್ಪತ್ತೇಳು ಮೈಲಿ,
ಕೇಳಿದವರಿಗೆಲ್ಲ ಹೇಳುತ್ತಾಳೆ,
ಕೇಳದವರಿಗೂ.

ಪೇಟೆಬೀದಿ ಏರು. ಊರಬಾಗಿಲ ಕಮಾನಿನಡಿ
ಒಂದೊಂದೇ ಕಾರು ತಲೆ ತಗ್ಗಿಸಿದಂತೆ ನುಸುಳುತ್ತದೆ.
“ಡಬಲ್ ಡೆಕ್ಕರ್ ಹಿಡಿಯೋದಿಲ್ಲ” ಎಂದಳು,
ಐನೂರು ವರ್ಷದ ಕಲ್ಲನ್ನು ಒಂದೇ ನೋಟದಲ್ಲಿ ಅಳೆದು.
ಇತಿಹಾಸ ಅಲ್ಲಿಗೆ ಮುಗಿಯಿತು.

ಮಿಸೆಸ್ ಪ್ರಾಸರ್ ಹೊಸ್ತಿಲಲ್ಲೇ ಬೂಟು ಬಿಚ್ಚಿಸಿದರು.
“ಹೊಸವೇ? ಅಯ್ಯೋ!” ಎಂದು ನನ್ನ ಜೋಡನ್ನು
ತಪ್ಪು ಮಾಡಿದ ಹುಡುಗರ ಹಾಗೆ ಮೂಲೆಗೆ ಕೂರಿಸಿದರು.
“ಹೊರಡುವವರೂ ನನ್ನಲ್ಲೇ ತಂಗುತ್ತಾರೆ, ಮುಗಿಸಿದವರೂ.
ಹೊರಡುವವರು ಮಾತಾಡುತ್ತಾರೆ,
ಮುಗಿಸಿದವರು ತಿನ್ನುತ್ತಾರೆ.”
ನೀವು ನಡೆದಿದ್ದೀರಾ?
“ನಾನಾ? ಈ ಮೆಟ್ಟಿಲು, ದಿನಕ್ಕೆ ನಲವತ್ತು ಸಲ.”

ಸಂಜೆ, ಚಪ್ಪಲಿ ಮೆಟ್ಟಿ ಸೇತುವೆಗೆ ಹೋದೆವು.
ಕಬ್ಬಿಣದ್ದು. ನಡುವೆ ಗಡಿ: ಈಚೆ ವೇಲ್ಸ್, ಆಚೆ ಇಂಗ್ಲೆಂಡ್.
ಬಂಡೆಯ ಮೇಲೆ ಕೋಟೆ; ಬಂಡೆ ಎಲ್ಲಿ ಮುಗಿಯಿತು
ಗೋಡೆ ಎಲ್ಲಿ ಮೊದಲಾಯಿತು, ಹೇಳುವಂತಿಲ್ಲ.
ಕೆಳಗೆ ನದಿಯೇ ಇಲ್ಲ. ಬರೀ ಕೆಸರು,
ತೊಳೆಯದೆ ಬಿಟ್ಟ ಗ್ರೇವಿಯ ತಪ್ಪಲೆಯಂತೆ.
ಒಂದು ದೋಣಿ ಮಗ್ಗುಲಾಗಿ ಮಲಗಿದೆ.
ನೀರೆಲ್ಲಿ ಎಂದೆ. ನಾಯಿ ಹಿಡಿದು ಬಂದ ಮುದುಕ
ಗಡಿಯಾರ ನೋಡಿದ: “ಏಳೂವರೆಗೆ ಬರುತ್ತೆ.”

ನೆರಿಸ್ ನಕ್ಕಳು. ಹೊತ್ತಿಗೆ ಸರಿಯಾಗಿ ಬರುವುದನ್ನು ಕಂಡು
ಅವಳಿಗೆಷ್ಟು ವರ್ಷವಾಗಿತ್ತೋ.
ಒಂದು ಕಾಲು ಅಲ್ಲಿ, ಒಂದು ಇಲ್ಲಿ ಇಟ್ಟು, ಕಂಬಿಗೆ ಒರಗಿ ಹೇಳಿದಳು:
“ಡಾಕ್ಟರು ಎಂಟು ಮೈಲಿ ಅಂದಿದ್ದಾರೆ.”
ದಿನಕ್ಕಾ?
“ಒಟ್ಟು.”

ಆಮೇಲೆ ನೀರು ಬಂತು.
ಸದ್ದಿಲ್ಲ. ಕೆಸರಿನ ಮೇಲೊಂದು ಗೆರೆ ಎಳೆದಂತೆ, ಅದು ಅಗಲವಾದಂತೆ.
ಹೊತ್ತಿಗೆ ಹತ್ತು ನಿಮಿಷ ಮುಂಚೆ, ಎಂದು ಗೊಣಗಿದಳು.
ದೋಣಿ ಒಮ್ಮೆ ಭುಜ ಕುಣಿಸಿತು, ಇನ್ನೊಮ್ಮೆ,
ನಿದ್ದೆಗಣ್ಣಲ್ಲಿ ಎದ್ದು ನಿಂತಿತು.

ವಾಪಸು ಏರುಬೀದಿ. ಅರ್ಧ ಮೈಲಿ ಇರಬಹುದು.
ಜೀವನವಿಡೀ ಎಣಿಸಿದವಳು ನಾನು,
ಅದನ್ನು ಎಣಿಸಲಿಲ್ಲ.

ರಾತ್ರಿ ಮಿಸೆಸ್ ಪ್ರಾಸರರಿಂದ ಟೇಪು ಇಸಕೊಂಡು
ನಕಾಶೆಯ ತೂತಿಗೆ ಹಿಂದಿನಿಂದ ಬಿಳಿ ಕಾಗದ ಅಂಟಿಸಿದಳು.
ಅದರ ಮೇಲೆ ಪೆನ್ನಿನಲ್ಲಿ ಒಂದು ಸೇತುವೆ, ಒಂದು ದೋಣಿ.
ಚಿತ್ರ ಅವಳಿಗೆ ಬರುವುದಿಲ್ಲ.
ದೋಣಿ ಬಸ್ಸಿನ ಹಾಗಿದೆ.