ಎಂಬತ್ತೇಳನೆಯ ಎಲೆ

ಟರ್ನ್‌ಹೌಟ್ ಊರಿನ ಅಡುಗೆಮನೆಗಳು ನನಗೆ
ಕೆಳಗಿನಿಂದ ಪರಿಚಯ.
ನಲ್ಲಿ ರಿಪೇರಿಯವನು ನಾನು, ಯೋರಿಸ್.
ಮೇಜಿನಡಿ, ತೊಟ್ಟಿಯಡಿ, ಅಂಗಾತ ಮಲಗಿ
ಅರ್ಧ ಆಯಸ್ಸು ಕಳೆದವನು.

ಹದಿನಾರರಲ್ಲಿ ಮಾತ್ರ ಮಾಟಗಾರನಾಗಿದ್ದೆ.
ಶುಕ್ರವಾರ ರಾತ್ರಿ ವಾನ್ನೆಸನ ನೆಲಮಾಳಿಗೆ,
ಆಲೂಗಡ್ಡೆ ಮೂಟೆ, ಬಟ್ಟೆ ಒಗೆಯುವ ಯಂತ್ರದ ಗುಡುಗು.
ಇಪ್ಪತ್ತು ಮುಖದ ದಾಳ ಉರುಳಿ
ಯಂತ್ರದಡಿ ಹೊಕ್ಕರೆ
ಟಾರ್ಚು ಸಿಗುವ ತನಕ ಯುದ್ಧಕ್ಕೆ ವಿರಾಮ.

ಓರ್ವಾಲ್ ಎಂಬ ನಾಡು. ಚಿತ್ರವಿರಲಿಲ್ಲ ಅದಕ್ಕೆ.
‘ಬೂದಿಯ ರಾಣಿ ಬಂದಳು’ ಎಂದು ವಾನ್ನೆಸ್ ಪಿಸುಗುಟ್ಟಿದರೆ
ಐದು ಜನಕ್ಕೆ ಐದು ರಾಣಿಯರು.
ನನ್ನವಳಿಗೆ ಭೂಗೋಳದ ಮೇಡಮ್ಮಿನ ಮೂಗು.
ವೇರ್ಲೆಯ ರಾಣಿಗೆ ಮುಖವೇ ಇಲ್ಲವಂತೆ,
ಬರೀ ಕೆಮ್ಮು.

ಆಮೇಲೆ ನಾಡು ಪೊಟ್ಟಣದಲ್ಲಿ ಬಂತು.
ಪೊಟ್ಟಣಕ್ಕೆ ಹನ್ನೊಂದು ಎಲೆ.
ಮೊದಲ ಕಂತು ‘ಮುರಿದ ಕೋಟೆ’,
ಎರಡನೆಯದು ‘ಉಪ್ಪಿನ ಹಡಗುಗಳು’.
ಹಲ್ಲಿನಿಂದ ಹರಿದು, ಹಸಿ ಬಣ್ಣದ ವಾಸನೆ ಮೂಸಿ,
ಒಂದಕ್ಕೆ ಮೂರು ಕೊಟ್ಟು, ಜಗಳವಾಡಿ, ಮಾತು ಬಿಟ್ಟು.
ಘಟಸರ್ಪದ ಮೂಲೆಯಲ್ಲಿ ಅಚ್ಚಾಗಿತ್ತು:
ಬಲ ಆರು, ತಾಳಿಕೆ ನಾಲ್ಕು.
ಅಂದಿನಿಂದ ಅದಕ್ಕೆ ಹೆದರುವುದು ಬಿಟ್ಟೆವು,
ಕೂಡಿ ಕಳೆಯುವುದು ಕಲಿತೆವು.

ಮೂರನೆಯ ಕಂತು ಅವಳ ಹೆಸರಿನದೇ. ನೂರಿಪ್ಪತ್ತು ಎಲೆ.
ಅರ್ಧ ಅಚ್ಚಾಗುವಷ್ಟರಲ್ಲಿ ಕಂಪನಿ ಮುಳುಗಿತು.
ಸಿಕ್ಕವು ನೂರಹತ್ತೊಂಬತ್ತು.
ಎಂಬತ್ತೇಳು ಯಾರಿಗೂ ಸಿಗಲಿಲ್ಲ.
ಪಟ್ಟಿಯಲ್ಲಿ ಹೆಸರಿದೆ, ಆಲ್ಬಮ್ಮಿನಲ್ಲಿ ಖಾಲಿ ಜೇಬಿದೆ,
ರಾಣಿಯೊಬ್ಬಳನ್ನು ಬಿಟ್ಟು ಅವಳ ಅಡುಗೆಯವರ ತನಕ
ಎಲ್ಲರೂ ಇದ್ದಾರೆ.
ವೇರ್ಲೆ ಓಸ್ಟೆಂಡಿಗೆ ಹೋದಳು. ಅವಳ ಸೈನ್ಯವನ್ನು ತಮ್ಮಂದಿರು
ಸೈಕಲ್ ಕಡ್ಡಿಗೆ ಸಿಕ್ಕಿಸಿ ಪಟಪಟ ಓಡಿಸಿದರು.

ಈ ಅಕ್ಟೋಬರಿನಲ್ಲಿ, ಗೋಡೆಲೀವ್ ಅಜ್ಜಿಯ ಮನೆ.
ಮೂವತ್ತೊಂದು ವರ್ಷ ಎಲೆ ಕಾರ್ಖಾನೆಯಲ್ಲಿ
ಕತ್ತರಿ ಯಂತ್ರದ ಮುಂದೆ ನಿಂತವಳು.
ಕೈಜಾರಿದ ವಾಷರು ಮೇಜಿನ ಕಾಲಿನತ್ತ ಓಡಿತು.
ಹಿಂದೆಯೇ ತೆವಳಿದೆ.
ಕುಂಟು ಕಾಲಿನಡಿ ನಾಲ್ಕಾಗಿ ಮಡಿಚಿದ ಒಂದು ಎಲೆ;
ಅಂಚಿನಲ್ಲಿ ಎಂಟು, ಅದರ ಪಕ್ಕ ಏಳು.

‘ಅದಾ? ಸೊಟ್ಟ ಕತ್ತರಿಸಿದ್ದು. ಬುಟ್ಟಿಗೆ ಹಾಕಬೇಕಿತ್ತು.
ಆ ದಿನ ಸಂಬಳವೂ ಅರ್ಧವೇ ಬಂತು ನೋಡು, ಸಿಟ್ಟಿಗೆ
ಏಪ್ರನ್ನಿನ ಜೇಬಿಗಿಳಿಸಿದೆ.
ಸಾರು ಚೆಲ್ಲುತ್ತಿತ್ತು ಆಗೆಲ್ಲ ಈ ಮೇಜಿನ ಮೇಲೆ.
ಈಗ ಚೆಲ್ಲಲ್ಲ.’

ಉಗುರಲ್ಲಿ ಬಿಡಿಸಿದೆ.
ಎಡಕ್ಕೆ ಬೂದಿ ಬಣ್ಣದ ತೋಳು, ಬಲಕ್ಕೆ
ಎಂಬತ್ತೆಂಟನೆಯ ಕುರುಬನ ಅರ್ಧ ಕುರಿ.
ನಡುವೆ ಮುಖವಿರಬೇಕಾದಲ್ಲಿ
ಇಪ್ಪತ್ತೇಳು ವರ್ಷದ ಮೇಜು ಒತ್ತಿದ ಗುಂಡನೆಯ ಗುಳಿ.
ಬೆಳಕಿಗೆ ಹಿಡಿದರೆ ಮೂಗಿದ್ದಂತೆ. ಇಲ್ಲದಂತೆ.

ಸೀದಾ ಕೇಳಿದ್ದರೆ ಕೊಡುತ್ತಿದ್ದಳು ಅಜ್ಜಿ,
ಬದಲಿಗೆ ರಟ್ಟಿನ ಚೂರು ಹುಡುಕಲೂ ಹೇಳುತ್ತಿದ್ದಳು.
ಬಾಯಿಗೆ ಬಂದದ್ದು ಬೇರೆ:
‘ಮೇಜು ಸ್ವಲ್ಪ ಎತ್ತಿ ಹಿಡೀತೀರಾ?’
ಹಳೆಯ ಮಡಿಕೆಗಳಲ್ಲೇ ಮಡಿಚಿದೆ. ತಳ್ಳಿದೆ.
ಅಲುಗಾಡಿಸಿ ನೋಡಿದೆ.

ಕಾಫಿ ಕುದಿಯುವಾಗ ಅವಳೇ ಎತ್ತಿದಳು:
‘ಆ ಹೆಂಗಸು ಏನು ಮಾಡ್ತಿದ್ದಳು, ಆಟದಲ್ಲಿ?’

‘ಕೆಮ್ಮುತ್ತಿದ್ದಳು’ ಎಂದೆ.
‘ನಮಗೆ ಬೆನ್ನುಹುರಿ ತಣ್ಣಗಾಗುತ್ತಿತ್ತು.’

‘ಪಾಪ’ ಎಂದಳು,
ಬಾಗಿ ಮೇಜಿನಡಿ ನೋಡಿದಳು.
ಬಿಲ್ಲಿನಲ್ಲಿ ಬರೆದೆ: ವಾಷರು ಎರಡು.
ಒಂದು ಇನ್ನೂ ಸಿಕ್ಕಿಲ್ಲ.