ಪಟ್ಟು

ರವಿವಾರ ಪೇಟೆಯ ಅಂಗಡಿಯವ ಬೆಲೆ ಹೇಳಿದ:
ನಾಲ್ಕು ಸಾವಿರದ ಇನ್ನೂರು.
ಹಸಿರು ಬಣ್ಣ, ಎರಕದ ಕಬ್ಬಿಣ, ಮೈಮೇಲೆ ಉಬ್ಬಿದ ಅಕ್ಷರ.
ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ನೋಡಿದೆ,
ಬೇರೆಯವರ ಕೂಸಿನ ಗಲ್ಲ ಮುಟ್ಟಿದಂತೆ.
ಬಂದೆ.

ಇಷ್ಟು ವರ್ಷ ನಮ್ಮಲ್ಲಿ ವೈಸ್ ಇರಲಿಲ್ಲ ಅಂತಲ್ಲ.
ಅಪ್ಪನ ಎರಡು ಪಾದ ಇದ್ದವು.
ನೆಲಕ್ಕೆ ಕೂತು, ಹಲಗೆಯನ್ನು ಅಂಗಾಲಿನ ನಡುವೆ ಅದುಮಿ,
ಕಾತ್ರಜ್‌ನಿಂದ ಕೋಥ್ರೂಡ್‌ವರೆಗೆ ಎಷ್ಟು ಅಡಿಗೆಮನೆಗಳ ಬಾಗಿಲು
ಆ ಒಡೆದ ಹಿಮ್ಮಡಿಗಳಲ್ಲಿ ನಯವಾದವೋ.
ಎಡಗಾಲ ಹೆಬ್ಬೆರಳಿಗೆ ಉಗುರಿಲ್ಲ.
ಅದು ಉಳಿಯ ಲೆಕ್ಕಕ್ಕೆ ಜಮಾ.

ಪಾದ ಸಾಲದಾದಾಗ ನಾನು.
"ಕಾಳವ್ವಾ, ಹಿಡ್ಕೋ."
ಶಾಲೆಯ ಚೀಲ ಹೆಗಲಲ್ಲಿದ್ದಾಗಲೇ ಹಿಡಿದಿದ್ದೇನೆ.
ನೋಡಲು ಬಂದವರು ಒಳಗೆ ಚಹಾ ಕುಡಿಯುವಾಗ
ತಗಡಿನ ಶೆಡ್ಡಿನಲ್ಲಿ ಮಂಚದ ಕಾಲು ಹಿಡಿದಿದ್ದೆ,
ರೇಷ್ಮೆ ಸೀರೆಯ ತುಂಬ ಹೊಟ್ಟು.
ಅವರು ಹೋದರು. ಕಾಲು ನೆಟ್ಟಗೆ ಕೂತಿತು.

ಬುಧವಾರ ಜುನಾ ಬಾಜಾರ್.
ಇನಾಮದಾರ್ ಚಾಚಾನ ತಾಡಪತ್ರಿಯ ಮೇಲೆ
ನಿಂತ ಗಡಿಯಾರ, ಒಂಟಿ ಸ್ಕೇಟು, ಯಾರದೋ ಮದುವೆಯ ಸಮೆ,
ಅದರಡಿ ಒಂದು ಕಾರಿನ ಜಾಕು
ಮೊಣಕಾಲು ಮಡಚಿ ಮಲಗಿತ್ತು.
"ಗಾಡಿ ಯಾವುದು?" ಅಂದ.
ಗಾಡಿ ಇಲ್ಲ, ಇದರ ಸ್ಕ್ರೂ ಬೇಕು, ಅಂದೆ.
ನಕ್ಕು ಮುನ್ನೂರನ್ನು ನೂರಾ ಅರವತ್ತಕ್ಕೆ ಇಳಿಸಿದ,
ಜಾಕು ಇಳಿಸುವ ಹಾಗೆಯೇ, ಒಂದೊಂದೇ ಸುತ್ತು.

ದವಡೆಗೆ, ಕಸಬಾದಲ್ಲಿ ಕೆಡವಿದ ವಾಡೆಯೊಂದರ ಹೊಸ್ತಿಲು.
ಸಾಗವಾನಿ. ನಡುವೆ ಸವೆದು ತಗ್ಗಾದದ್ದು,
ಬಿರುಕಿನಲ್ಲಿ ಇನ್ನೂ ಅರಿಶಿನ.
ಗರಗಸ ಇಡುವ ಮುಂಚೆ ಅಪ್ಪ ನನ್ನ ಮುಖ ನೋಡಿದ.
ದಾಟುವವರಿಲ್ಲದ ಮೇಲೆ ಅದು ಮೂರಿಂಚು ಮರ,
ಹಾಗಂದುಕೊಂಡು ಕೊಯ್ದೆ.
ಅರಿಶಿನದ ಕಡೆ ಬಿಟ್ಟು ಕೊಯ್ದೆ.

ರಿವೀಟು ಹಾರಿಸಿ, ಸ್ಕ್ರೂ ಬಿಡಿಸಿ, ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ.
ನಟ್ಟನ್ನು ಬೆಂಚಿನ ಕಾಲೊಳಗೆ ಹುಗಿದೆ.
ಪೋಪಟ್ ವೆಲ್ಡರ್ ಸ್ಕ್ರೂವಿನ ತಲೆಗೊಂದು ಬಳೆ ಕೂಡಿಸಿದ,
ದುಡ್ಡು ಬೇಡ, ನನ್ನ ಸ್ಟೂಲು ಅಲುಗಾಡ್ತದೆ, ಅಂದ.
ಹಿಡಿಕೆಗೆ ಅವ್ವನ ಲಟ್ಟಣಿಗೆ.
"ನಾವು ರೊಟ್ಟಿ ಬಡಿಯೋ ಮಂದಿ, ಒಯ್ಯಿ.
ಆಮ್ಯಾಲ ಚಪಾತಿ ಕೇಳಬ್ಯಾಡ."

ಹೊರಸಿನ ಮೇಲಿಂದ ಅಪ್ಪ, ಕೆಮ್ಮಿನ ನಡುವೆ:
"ಕಾಲಿಲ್ಲೇನ ನಿನಗ?"

ಮೊದಲ ಸಲ ಬಿಗಿ ಮಾಡಿದೆ.
ದವಡೆ ಕೆಳಗೆ ಮುಚ್ಚಿ ಮೇಲೆ ಆಕಳಿಸಿತು,
ಹಲಗೆ ಜಾರಿ ನನ್ನ ಪಾದದ ಮೇಲೆಯೇ ಬಿತ್ತು.
ಇನ್ನೊಂದು ಸಲ. ಮತ್ತೆ ಅದೇ.
ಸಂಜೆ, ಗೋಡೆಯ ಕಡೆ ಹೊರಳಿ ಅವನು ಅಂದ:
"ಮ್ಯಾಲ ಎಷ್ಟು ಬಾಯಿ, ಕೆಳಗ ಅಷ್ಟ ಕಾಲು."
ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ.
ಆಮೇಲೆ, ದವಡೆಯ ಬುಡಕ್ಕೆ ಒಂದು ಪಟ್ಟಿ ಕೂಡಿಸಿದೆ,
ಅದರಲ್ಲಿ ಸಾಲು ತೂತು, ಒಂದು ತೂತಿಗೆ ಮೊಳೆ.
ಹಲಗೆ ದಪ್ಪವಾದಷ್ಟು ಮೊಳೆ ಮುಂದಕ್ಕೆ.
ಕಚ್ಚಿತು ನೋಡಿ,
ಗರಡಿಯ ಹುಡುಗರು ಹಾಕುವ ಪಟ್ಟು, ಉಸಿರೂ ಆಡದ ಹಾಗೆ.
ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.
ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅಮಾವಾಸ್ಯೆಗೆ ನಾವು ಉಳಿ ಮುಟ್ಟುವುದಿಲ್ಲ.
ಅಮಾವಾಸ್ಯೆ ದಾಟಿದ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದೆ:
ದವಡೆಯಲ್ಲಿ ಅಪ್ಪನ ಹಳೆಯ ಗರಗಸ,
ಹಲ್ಲು ಮೇಲೆ ಮಾಡಿ, ಒಂದೊಂದೂ ಹೊಸದಾಗಿ ಮಸೆದದ್ದು.
ನೆಲದ ಮೇಲೆ ಕಬ್ಬಿಣದ ಪುಡಿ, ಪಕ್ಕದಲ್ಲಿ ಅರ, ಖಾಲಿ ಚಹಾ ಲೋಟ.
ಇಷ್ಟು ವರ್ಷ ಗರಗಸ ಮಸೆಯುವಾಗ
ಅದರ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತಿತ್ತು,
ಹಲ್ಲಿನ ಕಿರುಚು ನನ್ನ ಹಲ್ಲಿಗೆ ಬರುತ್ತಿತ್ತು.
ನಿನ್ನೆ ರಾತ್ರಿ ಅವನು ನನ್ನನ್ನು ಕರೆದಿರಲಿಲ್ಲ.

ಬಿಡಿಸಲು ಹೋದೆ.
ಲಟ್ಟಣಿಗೆ ಜಗ್ಗಲಿಲ್ಲ.
ಮುದುಕ ಎಷ್ಟು ಬಿಗಿದಿದ್ದನೆಂದರೆ
ಎರಡೂ ಕೈ ಬೇಕಾದವು.